ತಗಡಿನ ಮೇಲಿನ ಜಿಲ್ಲೆಗಳು

ಕೊಪ್ಪಳದಲ್ಲಿ ನಮ್ಮಣ್ಣನ ಅಂಗಡಿಯ ಹಿಂಗೋಡೆಗೆ ಒಂದು ತಗಡಿನ ಬೋರ್ಡು ಒರಗಿಕೊಂಡಿದೆ. ಮೂರಡಿ ಉದ್ದ, ಎರಡಡಿ ಅಗಲ. ಅಂಚಿಗೆಲ್ಲ ತುಕ್ಕು. ಅದು ಯಲಬುರ್ಗಾ ಸೀಮೆಯ ಒಂದು ಹಳ್ಳಿಯ ಸಹಕಾರ ಸಂಘದ್ದು. 2018ರಲ್ಲಿ ಅವರು ಹೊಸ ಬೋರ್ಡು ಮಾಡಿಸಿಕೊಂಡು ಹೋದರು, ಹಳೆಯದನ್ನು ಒಯ್ಯಲಿಲ್ಲ. ಗುಜರಿಗೆ ಹಾಕಬೇಕೆಂದು ಹುಡುಗ ಎತ್ತಿಟ್ಟಿದ್ದನ್ನು ಅಣ್ಣ ಕಸಿದುಕೊಂಡು, ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತಿದ್ದಾಗ ಅದರ ಒಂದು ಬದಿಯನ್ನು ಬ್ಲೇಡಿನಿಂದ ಕೆರೆಯುತ್ತ ಹೋದ. ಮೇಲೆ ಇದ್ದದ್ದು 'ಜಿ. ಕೊಪ್ಪಳ'. ಅದರ ಬಣ್ಣದ ಹಕ್ಕಳೆ ಎದ್ದಾಗ 'ಜಿ. ರಾಯಚೂರು' ಕಾಣಿಸಿತು. ಮೇಲಿನ ಸಾಲಿನಲ್ಲಿ 'ಕರ್ನಾಟಕ'ದ ಕೆಳಗೆ 'ಮೈಸೂರು' ಮಲಗಿತ್ತು. ಅದಕ್ಕೂ ಕೆಳಗೆ, ತಗಡಿಗೆ ಹತ್ತಿದಂತೆ, ಬಲದಿಂದ ಎಡಕ್ಕೆ ಬಾಗಿದ ಒಂದು ಉರ್ದು ಗೆರೆ. ಅದು ಯಾವ ಕಚೇರಿಯ ಬಾಗಿಲ ಮೇಲಿದ್ದ ತಗಡೋ, ಯಾರು ಹರಾಜಿನಲ್ಲಿ ಹಿಡಿದರೋ, ಸಂಘದವರ ಕೈಗೆ ಹೇಗೆ ಬಂತೋ ದೇವರೇ ಬಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು. 1948, 1956, 1973, 1997 ಎಂದು ಕಪ್ಪು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು, ರಾಯಚೂರು ಜಿಲ್ಲೆ ವಿಶಾಲ ಮೈಸೂರಿಗೆ ಸೇರಿದ್ದು, ಮೈಸೂರು ಕರ್ನಾಟಕವಾದದ್ದು, ರಾಯಚೂರಿನಿಂದ ಕೊಪ್ಪಳ ಬೇರೆಯಾದದ್ದು. ಇಷ್ಟನ್ನೂ ಒಂದು ತಗಡು ತನ್ನ ಮೈಮೇಲೆ ಹೊತ್ತುಕೊಂಡು ಮಳೆಬಿಸಿಲಿಗೆ ನಿಂತಿತ್ತೆಂಬುದು ಮಾತ್ರ ನನಗೆ ನಿವೃತ್ತಿಯ ಅಂಚಿಗೆ ಬಂದಾಗ ತಿಳಿಯಿತು. ಅದನ್ನು ತಿಳಿಸಿದ್ದು ಒಂದು ಯಂತ್ರದ ವ್ಯಾಪಾರ. ಆ ಕಥೆಯನ್ನು ಹೇಳಬೇಕೆಂದೇ ಇಷ್ಟು ಪೀಠಿಕೆ.

ಬೋರ್ಡು ಬರೆಯುವ ಕಸುಬು ನಮ್ಮ ಊರಿಗೆ ಹೊಸದಲ್ಲ. ಊರ ಪಶ್ಚಿಮಕ್ಕಿರುವ ಗುಡ್ಡಗಳಲ್ಲಿ ಗವಿಮಠದ ಬಳಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು, ಹೀಗೆ ಅಶೋಕನ ಎರಡು ಶಾಸನಗಳಿವೆ. 1915ರಲ್ಲಿ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನಿಗೆ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತು. ಹದಿನಾರು ವರ್ಷದ ಮೇಲೆ, 1931ರಲ್ಲಿ, ನಮ್ಮ ಊರಿನ ಎರಡೂ ಬೆಳಕಿಗೆ ಬಂದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇದು ಬಹುಕಾಲ ಉಳಿಯಬೇಕು, ಬಂಡೆಗಳ ಮೇಲೂ ಕಂಬಗಳ ಮೇಲೂ ಬರೆಸಬೇಕು ಎಂಬ ಆಶಯವನ್ನು ಅಶೋಕನೇ ಈ ಕಿರುಶಾಸನಗಳಲ್ಲಿ ಹೇಳಿಸಿದ್ದಾನೆ. ಎಂದರೆ, ಯಾವುದರ ಮೇಲೆ ಬರೆಯಬೇಕು, ಎಷ್ಟು ಕಾಲ ಬಾಳಬೇಕು ಎಂಬ ವಿಚಾರ ಗಿರಾಕಿಯ ತಲೆಯಲ್ಲಿ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇತ್ತು. ಈಗಿನ ಗಿರಾಕಿ ಕೇಳುವುದು ಒಂದೇ: 'ನಾಳೆ ಮುಂಜಾನಿ ಸಿಗತೈತೇನ್ರಿ?'

ಅಶೋಕನ ಶಾಸನಗಳಲ್ಲಿ ನನಗೆ ಬಹಳ ಪ್ರಿಯನಾದವನು ಅಶೋಕನಲ್ಲ, ಚಪಡ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಕಂಡುಹಿಡಿದರು. ಅವುಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ ತನ್ನ ವೃತ್ತಿಯನ್ನು ಹೇಳುವ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರ ಸೀಮೆಯ ಲಿಪಿ. ಈ ಬಯಲುಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರು? ಯಾರೂ ಓದದಿದ್ದರೂ ಅಡ್ಡಿಯಿಲ್ಲ, ನನಗೆ ಇದೂ ಬರುತ್ತದೆ ಎಂಬ ಠೀವಿ ಅದು. ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣದಾಗಿ, ಓರೆಯಾಗಿ ಸಹಿ ಹಾಕುವ ಪೇಂಟರುಗಳನ್ನೆಲ್ಲ ಕಂಡಾಗ ನನಗೆ ಚಪಡ ನೆನಪಾಗುತ್ತಾನೆ. ಪಾಠ ಹೇಳುವಾಗ ಇದನ್ನು ಹೇಳಿದರೆ ಮಕ್ಕಳು ನಗುತ್ತಿದ್ದರು. ಪರೀಕ್ಷೆಗೆ ಬರುವುದಿಲ್ಲವೆಂದು ಅವರಿಗೆ ಗೊತ್ತು.

ಅಣ್ಣ ಕುಂಚ ಹಿಡಿದದ್ದು ಕಿನ್ನಾಳದಲ್ಲಿ. ಕೊಪ್ಪಳಕ್ಕೆ ಮಗ್ಗುಲಲ್ಲೇ ಇರುವ ಊರು. ಅಲ್ಲಿಯ ಚಿತ್ರಗಾರರ ಕಟ್ಟಿಗೆಯ ಗೊಂಬೆಗಳು, ಪಲ್ಲಕ್ಕಿಗಳು, ದೇವರ ಮೂರ್ತಿಗಳು ಹೆಸರಾದವು. ಹಂಪೆಯ ವಿರೂಪಾಕ್ಷ ಗುಡಿಯ ಛತ್ತಿನ ಚಿತ್ರ ಬರೆದವರು ತಮ್ಮ ಹಿರಿಯರೇ ಎಂದು ಅವರ ಮನೆತನಗಳಲ್ಲಿ ಮಾತಿದೆ. ಕಟ್ಟಿಗೆಯ ಹೊಟ್ಟನ್ನು ಹುಣಸೆ ಬೀಜದ ಅಂಟಿನಲ್ಲಿ ನಾದಿ 'ಕಿಟ್ಟ' ಮಾಡಿ, ಅದರಿಂದ ಗೊಂಬೆಯ ಮೈ ತುಂಬಿ, ನಯ ಮಾಡಿ ಮೇಲೆ ಬಣ್ಣ ಬಳಿಯುವ ಕೆಲಸ. ಅಣ್ಣ ಅಲ್ಲಿ ಒಂದು ವರ್ಷ ಕೂತು ಕಲಿತದ್ದು ಗೊಂಬೆಯನ್ನಲ್ಲ, ತಾಳ್ಮೆಯನ್ನು. ಮೈ ಒಣಗುವ ಮೊದಲು ಬಣ್ಣ ಬಳಿಯಬಾರದು ಎಂಬ ಒಂದು ಮಾತನ್ನು ಈಗಲೂ ಎಲ್ಲದಕ್ಕೂ ಅನ್ವಯಿಸುತ್ತಾನೆ, ಮದುವೆಯ ಮಾತುಕತೆಗೂ ಸಹ.

ಅಕ್ಷರ ಕಲಿಸಿದವರು ಮಾತ್ರ ಬೇರೆ. ಪೇಟೆಯಲ್ಲಿ ಒಬ್ಬ ಹಿರಿಯ ಮುಸಲ್ಮಾನ ಪೇಂಟರ್ ಇದ್ದರು. ಎಲ್ಲರ ಬಾಯಲ್ಲಿ ಅವರು ಉಸ್ತಾದ್. ನಿಜಾಮರ ಕಾಲದಲ್ಲಿ ಉರ್ದು ಬೋರ್ಡು ಬರೆದು ಕೈ ಪಳಗಿದವರು 1956ರ ಮೇಲೆ ಕನ್ನಡ ಬರೆಯತೊಡಗಿದರು. ಅವರ ಕನ್ನಡದ ತಲೆಕಟ್ಟು ಗಾಳಿಗೆ ಬಾಗಿದ ಜೋಳದ ತೆನೆಯಂತೆ ಇರುತ್ತಿತ್ತು. ಅದು ನಸ್ತಾಲಿಕ್‌ನ ಓಟ ಕನ್ನಡಕ್ಕೆ ಇಳಿದದ್ದು ಎಂದು ನನಗೆ ಬಹಳ ಕಾಲದ ಮೇಲೆ ಹೊಳೆಯಿತು. ಕವಿರಾಜಮಾರ್ಗ ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನೂ ಹೆಸರಿಸುತ್ತದೆ. ಆ ಕೊಪಣದ ಪೇಟೆಯಲ್ಲಿ ನಮ್ಮಣ್ಣನಿಗೆ 'ಅ' ತಿದ್ದಿಸಿದವರು ಉರ್ದು ಬರೆಯುವ ಉಸ್ತಾದರು. ನನಗೇನೋ ಇದರಲ್ಲಿ ವಿರೋಧ ಕಾಣುವುದಿಲ್ಲ.

1973ರ ನವೆಂಬರ್ ಒಂದರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅಣ್ಣನಿಗೆ ಆಗ ಹದಿನಾರು. ಉಸ್ತಾದರಿಗೆ ಸಾಲುಸಾಲಾಗಿ ಕೆಲಸ ಬಂತು. ಎಲ್ಲ ಕಚೇರಿ, ಶಾಲೆ, ಸಂಘಗಳ ಬೋರ್ಡಿನಲ್ಲೂ ಒಂದೇ ಒಂದು ಶಬ್ದ ಬದಲಾಗಬೇಕು. 'ಮೈಸೂರು' ಎಂಬಲ್ಲಿ ತಳಬಣ್ಣ ಬಳಿದು, ಒಣಗಿಸಿ, ನೂಲು ಹೊಡೆದು ಗೆರೆ ಎಳೆದು, 'ಕರ್ನಾಟಕ' ಬರೆಯಬೇಕು. ಮೂರು ಅಕ್ಷರದ ಜಾಗದಲ್ಲಿ ನಾಲ್ಕು ಅಕ್ಷರ, ಅದರಲ್ಲೊಂದು ಅರ್ಕಾವೊತ್ತು! ಅಣ್ಣ ಹೇಳುವ ಪ್ರಕಾರ ಅವನ ವಿದ್ಯೆಯೆಲ್ಲ ಆ ಇಕ್ಕಟ್ಟಿನಲ್ಲಿ ಕಲಿತದ್ದು. 1997ರ ಆಗಸ್ಟಿನಲ್ಲಿ ಜೆ. ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿದಾಗ ಕೊಪ್ಪಳವೂ ಒಂದಾಯಿತು. ಆಗ ಅಣ್ಣನೇ ಯಜಮಾನ. 'ರಾಯಚೂರು' ಅಳಿಸಿ 'ಕೊಪ್ಪಳ' ಬರೆಯುವುದು ಅವನಿಗೆ ಸಲೀಸು; ನಾಲ್ಕು ಅಕ್ಷರ ಹೋಗಿ ಮೂರು ಬಂದವಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕುಗಳನ್ನು ಅವನು ಸೈಕಲ್ಲು, ಬಸ್ಸು, ಟ್ರ್ಯಾಕ್ಟರುಗಳ ಮೇಲೆ ಸುತ್ತಿದ. ಕುಷ್ಟಗಿಯವರು 'ಟ'ಕ್ಕೆ ಬದಲು 'ಠ' ಬಿದ್ದರೆ ಸಿಟ್ಟಾಗುತ್ತಾರೆ, ಅದು ರೋಗದ ಹೆಸರಾಗುತ್ತದೆ. ಯಲಬುರ್ಗಿಯೋ ಯಲಬುರ್ಗಾವೋ ಎಂಬ ಜಗಳ ಇನ್ನೂ ತೀರಿಲ್ಲ. ಹಣ ಕೊಡುವವರು ಹೇಳಿದ್ದನ್ನು ಬರೆಯುವುದು ಅಣ್ಣನ ಪದ್ಧತಿ.

ಗಂಗಾವತಿಯ ಕೆಲಸದ ಬಗೆಯೇ ಬೇರೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಎಡದಂಡೆಯ ಕಾಲುವೆ ಹರಿದು, ಜೋಳದ ನೆಲ ಬತ್ತದ ಗದ್ದೆಯಾಯಿತು. ಬತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ಗಿರಣಿಗೆ ಬೇಕಾದದ್ದು ಒಂದು ಬೋರ್ಡಲ್ಲ, ಸಾವಿರಾರು ಸೆಣಬಿನ ಚೀಲಗಳ ಮೇಲೆ ಒಂದೇ ಅಚ್ಚು. ಅದಕ್ಕೆ ತಗಡಿನಲ್ಲಿ ಇಲ್ಲವೇ ಬಳಸಿ ಬಿಸಾಕಿದ ಎಕ್ಸ್‌ರೇ ಹಾಳೆಯಲ್ಲಿ ಅಕ್ಷರ ಕೊರೆದು ಸ್ಟೆನ್ಸಿಲ್ ಮಾಡಬೇಕು. ಕನ್ನಡದಲ್ಲಿ ಸ್ಟೆನ್ಸಿಲ್ ಕೊರೆಯುವುದು ಹುಡುಗಾಟವಲ್ಲ. 'ಗಂಗಾವತಿ'ಯ ಸೊನ್ನೆಯನ್ನು ಸುತ್ತಲೂ ಕೊರೆದರೆ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ, ಚೀಲದ ಮೇಲೆ ಸೊನ್ನೆಯ ಬದಲು ಕರಿಯ ಬೊಟ್ಟು ಮೂಡುತ್ತದೆ. 'ವ'ದ ಹೊಟ್ಟೆಯೂ ಅಷ್ಟೇ. ಎರಡು ಕಡೆ ಸಣ್ಣ ಸೇತುವೆ ಬಿಟ್ಟು ಕೊರೆಯಬೇಕು, ಆ ಸೇತುವೆ ಕಣ್ಣಿಗೆ ಕಾಣಬಾರದು. ಅಣ್ಣ ಈ ಸೇತುವೆ ಬಿಡುವುದರಲ್ಲಿ ಹೆಸರು ಮಾಡಿದ್ದ. ಮುಂದೆ ಪ್ಲಾಸ್ಟಿಕ್ ನೂಲಿನ ಚೀಲಗಳು ಅಚ್ಚು ಹಾಕಿಸಿಕೊಂಡೇ ಬರತೊಡಗಿ ಆ ಕೆಲಸ ನಿಂತಿತು.

ಚುನಾವಣೆಯ ಗೋಡೆಬರಹ ಅದಕ್ಕಿಂತ ಮೊದಲೇ ಕುಗ್ಗಿತ್ತು. 1990ರಿಂದ 1996ರವರೆಗೆ ಟಿ. ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಊರ ಗೋಡೆಗಳು ಸ್ವಚ್ಛವಾದವು, ಪೇಂಟರುಗಳ ಜೇಬೂ ಸ್ವಚ್ಛವಾಯಿತು. ಲೋಕವೆಲ್ಲ ಶೇಷನ್ನರನ್ನು ಹೊಗಳುತ್ತಿದ್ದಾಗ ನಮ್ಮ ಮನೆಯಲ್ಲಿ ಅವರ ಹೆಸರೆತ್ತುವಂತಿರಲಿಲ್ಲ.

ಆಮೇಲೆ ಫ್ಲೆಕ್ಸು ಬಂತು. 2000ದ ನಂತರದ ನಾಲ್ಕೈದು ವರ್ಷಗಳಲ್ಲಿ ಅದು ಹುಬ್ಬಳ್ಳಿಯಿಂದ ಗಂಗಾವತಿಗೂ ಹೊಸಪೇಟೆಗೂ ಇಳಿದು, ಅಲ್ಲಿಂದ ನಮ್ಮ ಅಶೋಕ ಸರ್ಕಲ್ಲಿಗೆ ಬಂದು ನಿಂತಿತು. ನೂಲಿನ ಜಾಳಿಗೆಯ ಎರಡೂ ಬದಿಗೆ ಪಿವಿಸಿ ಪದರ ಹಚ್ಚಿದ ಹಾಳೆ ಅದು. ಅದರ ಮೇಲೆ ಯಂತ್ರ ಶಾಯಿ ಸಿಂಪಡಿಸುತ್ತದೆ. ಹತ್ತಡಿ ಅಗಲದ ಯಂತ್ರ ಒಂದು ತಾಸಿನಲ್ಲಿ ಉಗುಳುವುದನ್ನು ಅಣ್ಣ ಒಂದು ವಾರ ಬರೆಯಬೇಕು. ಬಣ್ಣ ಎಷ್ಟಾದರೂ ಅಷ್ಟೇ ರೊಕ್ಕ, ಲೆಕ್ಕ ಬರೀ ಚದರಡಿಗೆ. ಮುಖ ಬೇಕೆಂದರೆ ಮುಖ, ಅದೂ ಒಂದಲ್ಲ, ಸರ್ವಸದಸ್ಯರ ಮುಖ. ಹುಟ್ಟುಹಬ್ಬ, ಜಾತ್ರೆ, ಜಯಂತಿ, ಶ್ರದ್ಧಾಂಜಲಿಗಳೆಲ್ಲ ಒಂದೇ ಅಳತೆಯವಾದವು. ಕೆಲಸ ಮುಗಿದ ಮೇಲೆ ಅದು ಹೊಲಕ್ಕೆ ಹೋಗುತ್ತದೆ, ಬಣವೆಗೆ ಹೊದಿಕೆಯಾಗುತ್ತದೆ. ಸುಗ್ಗಿಯಲ್ಲಿ ಕುಷ್ಟಗಿ ರಸ್ತೆಯಲ್ಲಿ ಹೋದರೆ ಎಷ್ಟೋ ನಾಯಕರು ಮೇವಿನ ಮೇಲೆ ತಲೆಕೆಳಗಾಗಿ ಕೈಮುಗಿಯುತ್ತಿರುವುದನ್ನು ಕಾಣಬಹುದು. ಫ್ಲೆಕ್ಸಿನ ಮೂಲೆಯಲ್ಲಿ ಸಹಿಯ ಜಾಗಕ್ಕೆ ಒಂದು ಮೊಬೈಲ್ ನಂಬರು ಬಂತು.

ಅಣ್ಣನ ಮಗ ಕಂಪ್ಯೂಟರ್ ಕಲಿತು, ಫ್ಲೆಕ್ಸಿಗೆ ವಿನ್ಯಾಸ ಮಾಡಿ, ಪ್ರಿಂಟಿಗೆ ಗಂಗಾವತಿಗೆ ಕಳಿಸಿ, ಮರುದಿನ ಬಸ್ಸಿನಲ್ಲಿ ಸುರುಳಿ ತರಿಸುತ್ತಿದ್ದ. ನಲವತ್ತು-ನಲವತ್ತೈದು ಕಿಲೋಮೀಟರಿನ ದಾರಿ. ಲಾಭದ ದೊಡ್ಡ ಪಾಲು ಯಂತ್ರದವನಿಗೆ. 2016ರ ಜನವರಿಯಲ್ಲಿ ಗವಿಮಠದ ಜಾತ್ರೆ ಮುಗಿದ ವಾರ ಅವನು ನನ್ನ ಮನೆಗೆ ಬಂದ.

'ಕಾಕಾ, ನಾವ ಒಂದು ಮಷೀನ್ ಹಾಕೂಣಂತೀನಿ. ಹತ್ತಡಿದು. ಮುದ್ರಾ ಸಾಲ ಸಿಗತೈತಿ. ನೀವು ಅಪ್ಪಗ ಒಂದು ಮಾತು ಹೇಳ್ರಿ.'

ಮುದ್ರಾ ಯೋಜನೆ ಹಿಂದಿನ ವರ್ಷ, 2015ರ ಏಪ್ರಿಲ್‌ನಲ್ಲಿ ಶುರುವಾಗಿತ್ತು. ಅದರಲ್ಲಿ ಆಗ ಮೂರು ಮೆಟ್ಟಿಲು: ಐವತ್ತು ಸಾವಿರದವರೆಗೆ ಶಿಶು, ಐದು ಲಕ್ಷದವರೆಗೆ ಕಿಶೋರ, ಹತ್ತು ಲಕ್ಷದವರೆಗೆ ತರುಣ. ಹುಡುಗ ನೇರ ತರುಣಕ್ಕೆ ಹಾರಿದ್ದ. ಜಾಮೀನು ಬೇಕಿಲ್ಲವೆಂದರೂ ತೀರಿಸುವುದು ತಪ್ಪುತ್ತದೆಯೇ? ಅಂಗಡಿ ಇರುವ ಜಾಗ ನಮ್ಮಿಬ್ಬರ ಹೆಸರಿನಲ್ಲಿತ್ತು. ತಂಗಿಯ ಮಗಳ ಮದುವೆ ಬಾಕಿ ಇತ್ತು. ಅಣ್ಣನ ಕೈ ಅಷ್ಟರಲ್ಲಿ ನಡುಗಲು ಹತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಆದರೆ ಅವನ 'ಶ್ರೀ' ಹೇಳುತ್ತಿತ್ತು.

ಮೂವರೂ ಹುಬ್ಬಳ್ಳಿಗೆ ಹೋದೆವು. ಮಾರಾಟಗಾರ ಬಹಳ ಚೆನ್ನಾಗಿ ಮಾತಾಡಿದ. ಯಂತ್ರದ ಮೈ ಚೀನಾದ್ದು, ತಲೆ ಜಪಾನಿನದು. 'ಹೆಡ್' ಎಂದರೆ ಶಾಯಿ ಉಗುಳುವ ಭಾಗ. ಕೂದಲಿಗಿಂತ ಸಣ್ಣ ರಂಧ್ರಗಳ ಸಾಲು. ಒಳಗಿರುವ ಹರಳಿಗೆ ವಿದ್ಯುತ್ತು ತಾಗಿದರೆ ಅದು ಮಿಡಿದು ಒಂದೊಂದೇ ಹನಿ ಚಿಮ್ಮಿಸುತ್ತದೆ. ಇದನ್ನೆಲ್ಲ ಕೇಳಿ ನಾನು ಬೆರಗಾದೆ. ಅಣ್ಣ ಮಾತ್ರ ಒಂದೇ ಪ್ರಶ್ನೆ ಕೇಳಿದ: 'ಕೆಲಸ ಇಲ್ಲದ ದಿನ ಇದು ಏನು ಮಾಡತೈತ್ರಿ?'

ಅದೇ ಪ್ರಶ್ನೆ ನಮ್ಮನ್ನು ಉಳಿಸಿತೆನ್ನಬೇಕು. ಸಾಲ್ವೆಂಟ್ ಶಾಯಿ ನಿಂತರೆ ಒಣಗುತ್ತದೆ. ದಿನಾ ಹೆಡ್ಡು ತೊಳೆಯಬೇಕು, ಶಾಯಿ ಹರಿಸಬೇಕು, ಕೆಲಸವಿಲ್ಲದಿದ್ದರೂ ಒಂದಿಷ್ಟು ಪ್ರಿಂಟು ತೆಗೆಯಬೇಕು. ಒಮ್ಮೆ ರಂಧ್ರ ಕಟ್ಟಿ ಹೆಡ್ಡು ಕೆಟ್ಟರೆ ಹೊಸದಕ್ಕೆ ಮತ್ತೆ ದೊಡ್ಡ ಮೊತ್ತ. ಒಳ್ಳೆಯ ಅರ್ಥಿಂಗ್ ಬೇಕು, ಕರೆಂಟು ಹೋದರೆ ನಡುವೆ ನಿಲ್ಲದಂತೆ ಯುಪಿಎಸ್ ಬೇಕು, ಧೂಳಿಲ್ಲದ ಕೋಣೆ ಬೇಕು. ನಮ್ಮ ಊರಿನ ಬೇಸಿಗೆ, ನಮ್ಮ ಊರಿನ ಧೂಳು! ಕೊಪ್ಪಳದ ಕೆಲಸವೋ ಹಬ್ಬದ ಕೆಲಸ. ಜಾತ್ರೆ, ಗಣಪತಿ, ರಾಜ್ಯೋತ್ಸವ, ಚುನಾವಣೆ. ನಡುವೆ ತಿಂಗಳುಗಟ್ಟಲೆ ಒಣ. ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಹೇಳಿದ: 'ಅದು ಎಮ್ಮಿ ಇದ್ದಂಗ. ಹಿಂಡಲಿ ಬಿಡಲಿ, ಮೇವು ಹಾಕಾಕಬೇಕು.' ಹುಡುಗ ಗದಗ ಬರುವವರೆಗೂ ಮಾತಾಡಲಿಲ್ಲ. ಅಪ್ಪ ತನ್ನ ಕುಂಚಕ್ಕಾಗಿ ತನ್ನ ದಾರಿ ಕಟ್ಟುತ್ತಿದ್ದಾನೆ ಎಂದು ಅವನಿಗೆ ಅನಿಸಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ.

ಹೀಗೆ ಎಳೆದಾಡುತ್ತಿರುವಾಗ 2016ರ ಮಾರ್ಚ್ 11ರಂದು ರಾಜ್ಯ ಸರ್ಕಾರದ ಅಧಿಸೂಚನೆ ಬಂತು. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಬಾವುಟ, ಫ್ಲೆಕ್ಸುಗಳ ತಯಾರಿಕೆ, ಮಾರಾಟ, ಬಳಕೆ ಎಲ್ಲಕ್ಕೂ ನಿಷೇಧ. ಬ್ಯಾಂಕಿಗೆ ಕೊಡಬೇಕಾದ ಕಾಗದ ಹುಡುಗನ ಚೀಲದಲ್ಲೇ ಇತ್ತು. ಆ ರಾತ್ರಿ ಅವನು ಊಟ ಮಾಡಲಿಲ್ಲವೆಂದು ಅತ್ತಿಗೆ ಫೋನು ಮಾಡಿದರು. ನಿಜ ಹೇಳಬೇಕೆಂದರೆ ಫ್ಲೆಕ್ಸು ಅದರಿಂದ ಸಾಯಲಿಲ್ಲ. ಕೆಲವು ದಿನ ಬಿಗಿ, ಕೆಲವು ದಿನ ಸಡಿಲ, ಹೀಗೇ ಉಳಿಯಿತು. ದೊಡ್ಡ ಯಂತ್ರ ಹಾಕಿದವರಲ್ಲಿ ಬಾಳಿದವರೂ ಇದ್ದಾರೆ. ಆದರೆ ಬಿಗಿಯ ದಿನಗಳಲ್ಲೂ ಕಂತಿನ ತಾರೀಖು ತಪ್ಪುವುದಿಲ್ಲವಲ್ಲ.

ಕಟ್ಟರಿನ ವಿಚಾರ ಬಂದದ್ದು ಆಗ. ಬಣ್ಣದ ವಿನೈಲ್ ಹಾಳೆಯಿಂದ ಅಕ್ಷರವನ್ನು ಕತ್ತರಿಸಿ ಕೊಡುವ ಯಂತ್ರ. ಅಮೆರಿಕದಲ್ಲಿ ಗರ್ಬರ್ ಕಂಪನಿ 1980ರ ದಶಕದ ಆರಂಭದಲ್ಲಿ ಇಂಥದನ್ನು ಪೇಂಟರುಗಳ ಅಂಗಡಿಗೆ ತಂದಾಗ ಅಲ್ಲಿಯ ಕುಂಚದವರೂ ನಮ್ಮವರಂತೆಯೇ ಕಂಗೆಟ್ಟರಂತೆ. ಎರಡಡಿ ಅಗಲದ ಕಟ್ಟರು ಮೇಜಿನ ಮೇಲೆ ಕೂರುತ್ತದೆ. ಶಾಯಿಯಿಲ್ಲ, ಒಣಗುವುದಿಲ್ಲ, ತಿಂಗಳು ಮುಚ್ಚಿಟ್ಟರೂ ಬಟ್ಟೆ ತೆಗೆದರೆ ಕೆಲಸಕ್ಕೆ ಸಿದ್ಧ. ಬೆಲೆಯೂ ಆಡಿನ ಬೆಲೆ, ಎಮ್ಮೆಯದಲ್ಲ. ಅದರಲ್ಲೂ ಎರಡು ಜಾತಿ. ಅಗ್ಗದ್ದರಲ್ಲಿ ಸ್ಟೆಪ್ಪರ್ ಮೋಟಾರು, ತುಟ್ಟಿಯದರಲ್ಲಿ ಸರ್ವೋ ಮೋಟಾರು. ಕಾಗದದ ಮೇಲೆ ಎರಡೂ ಒಂದೇ ಕೆಲಸ ಮಾಡುತ್ತವೆ. ಅಣ್ಣ ಕಾಗದ ನಂಬುವವನಲ್ಲ. ಅಂಗಡಿಯವನಿಗೆ 'ಶ್ರೀ ಗವಿಸಿದ್ಧೇಶ್ವರ' ಎಂದು ಅರ್ಧ ಇಂಚಿನ ಎತ್ತರದಲ್ಲಿ ಎರಡರಲ್ಲೂ ಕತ್ತರಿಸಿ ತೋರಿಸು ಎಂದ.

ಅಗ್ಗದ ಯಂತ್ರದಲ್ಲಿ ಗುಡಿಸುಗಳು ಗರಗಸದಂತೆ ಬಂದವು. ಗೆರೆ ಹೊರಟ ಜಾಗಕ್ಕೆ ಮರಳಿ ಕೂಡಲಿಲ್ಲ. ಹೀಗಾಗಿ ಹೆಚ್ಚಿನ ಹಾಳೆಯನ್ನು ಸುಲಿಯುವಾಗ ಅಕ್ಷರವೂ ಎದ್ದುಬಂತು. 'ಧ'ದ ಕೆಳಗಿನ ಮಹಾಪ್ರಾಣದ ಕಡ್ಡಿ ಸುಲಿದ ಹಾಳೆಯ ಜೊತೆ ಹೋಗಿ 'ಸಿದ್ದೇಶ್ವರ' ಉಳಿದ. ಜನ ಹೇಗೂ ಹಾಗೇ ಬರೆಯುತ್ತಾರೆ, ಯಂತ್ರಕ್ಕೂ ಅದೇ ರೂಢಿಯಾಯಿತು ಎಂದು ನಾನು ನಗೆಯಾಡಿದೆ. ಅಣ್ಣ ನಗಲಿಲ್ಲ. ಸರ್ವೋ ಯಂತ್ರದಲ್ಲಿ ಗೆರೆ ಕೂಡಿತು, ಕಡ್ಡಿ ನಿಂತಿತು, ಆದರೆ ಅಲ್ಲೂ ಒಂದು ದೋಷ: ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗುವಲ್ಲಿ ಅಡ್ಡಡ್ಡ ಕತ್ತರಿಸಿತ್ತು. ಮಾರುವವನಿಗೂ ಕಾರಣ ತಿಳಿಯದು. ನಮ್ಮ ಹುಡುಗನೇ ಕಂಡುಹಿಡಿದ. ಹಳೆಯ ಕನ್ನಡ ಫಾಂಟುಗಳಲ್ಲಿ ಅಕ್ಷರ, ಗುಡಿಸು, ಒತ್ತು ಬೇರೆಬೇರೆ ತುಂಡುಗಳು. ಪರದೆಯ ಮೇಲೆ, ಪ್ರಿಂಟಿನಲ್ಲಿ ಒಂದರ ಮೇಲೊಂದು ಕೂತು ಒಂದಾಗಿ ಕಾಣುತ್ತವೆ. ಚಾಕುವಿಗೆ ಮಾತ್ರ ಅವು ಎರಡೇ. ಮೊದಲು ಕಂಪ್ಯೂಟರಿನಲ್ಲಿ ಅವನ್ನು ಬೆಸೆದು ಒಂದು ಹೊರಗೆರೆ ಮಾಡಿ ಆಮೇಲೆ ಕತ್ತರಿಸಬೇಕು. ಅವನು ಅಲ್ಲೇ ಕೂತು ಬೆಸೆದು ಕತ್ತರಿಸಿ ತೋರಿಸಿದ. ಅಣ್ಣ ಆ ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, 'ಇದು ಆದೀತು' ಎಂದ. ಮಗನ ಕೆಲಸಕ್ಕೆ ಅವನು ಹಾಗೆ ಅಂದದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಸರ್ವೋ ಕಟ್ಟರು ಬಂತು, ಕಿಶೋರ ಸಾಲದಲ್ಲಿ. ಚಾಕುವಿನ ಒತ್ತಡ ಹದ ಮಾಡುವುದು ಅಣ್ಣನ ಪಾಲಿಗೆ ಬಂತು: ವಿನೈಲ್ ಕತ್ತರಿಸಬೇಕು, ಅದರಡಿಯ ಕಾಗದಕ್ಕೆ ಗಾಯವಾಗಬಾರದು. ಎಕ್ಸ್‌ರೇ ಹಾಳೆ ಕೊರೆದ ಕೈಗೆ ಅದರ ಸೂಕ್ಷ್ಮ ತಕ್ಷಣ ತಿಳಿಯಿತು. ಕೈ ನಡುಗಿದರೆ ನಡುಗಲಿ, ಕಣ್ಣು ನಡುಗುವುದಿಲ್ಲವಲ್ಲ. ಅಕ್ಷರದ ನಡುವಿನ ಅಂತರ ಈಗಲೂ ಅವನು ಹೇಳಿದಷ್ಟೇ. ಒಂದು ಮಳೆಗಾಲವಿಡೀ ಅವನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳನ್ನು ದೊಡ್ಡದಾಗಿ ಬರೆದುಕೊಟ್ಟ, ನಡುಗಿದ ಗೆರೆಗಳನ್ನು ಮಗ ಕಂಪ್ಯೂಟರಿನಲ್ಲಿ ತಿದ್ದಿ ತುಂಬಿಕೊಂಡ. ಎಷ್ಟು ತಿದ್ದಬೇಕು ಎಂಬುದರ ಮೇಲೆ ಇಬ್ಬರಿಗೂ ದಿನಾ ಜಗಳ. ಎಲ್ಲ ನೇರ ಮಾಡಿದರೆ ಉಸ್ತಾದರ ಬಾಗು ಹೋಗುತ್ತದೆಂದು ಅಣ್ಣ. ಬಿಟ್ಟರೆ ಚಾಕು ಎಡವುತ್ತದೆಂದು ಮಗ.

ಕಟ್ಟರು ಮೊದಲ ವರ್ಷ ಗಾಡಿಗಳ ನಂಬರ್ ಪ್ಲೇಟು, ಗಾಜಿನ ಬಾಗಿಲು ಎಂದು ಕಂತಿನಷ್ಟು ಮಾತ್ರ ದುಡಿಯಿತು. ಹುಡುಗ ಒಮ್ಮೊಮ್ಮೆ ಗಂಗಾವತಿಯ ದೊಡ್ಡ ಯಂತ್ರಗಳ ಸುದ್ದಿ ತೆಗೆದು ನಮ್ಮ ಕಡೆ ನೋಡುತ್ತಿದ್ದ. 2017ರಲ್ಲಿ ಹೊಸ ತಾಲೂಕುಗಳ ಘೋಷಣೆಯಾಗಿ, 2018ರಲ್ಲಿ ಅವು ಜಾರಿಗೆ ಬಂದವು. ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ ಬೇರೆಯಾದವು. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದ ಇಟಗಿಯ ಗುಡಿ ಕೂಡ ಯಲಬುರ್ಗಾ ಬಿಟ್ಟು ಕುಕನೂರಿಗೆ ಹೋಯಿತು. ಗುಡಿ ಕದಲಲಿಲ್ಲ, ವಿಳಾಸ ಕದಲಿತು. ಶಾಲೆ, ಸಂಘ, ಗೊಬ್ಬರದಂಗಡಿ, ಅಂಗನವಾಡಿಗಳ ಬೋರ್ಡುಗಳಲ್ಲೆಲ್ಲ 'ತಾ.' ಆದಮೇಲಿನ ಒಂದು ಶಬ್ದ ಬದಲಾಗಬೇಕು. ಒಂದು ಶಬ್ದಕ್ಕಾಗಿ ಇಡೀ ಫ್ಲೆಕ್ಸು ಯಾರು ಹಾಕಿಸುತ್ತಾರೆ? ಹುಡುಗ ತಳಬಣ್ಣದ ಪಟ್ಟಿ, ಅದರ ಮೇಲೆ 'ಕುಕನೂರು' ಕತ್ತರಿಸಿ, ಬೈಕಿನ ಮೇಲೆ ಹಳ್ಳಿಹಳ್ಳಿಗೆ ಹೋಗಿ ಅಂಟಿಸಿ ಬಂದ. ಸಂಜೆ ಬಂದು ಎಣಿಸಿ ಹೇಳುವಾಗ ಅಣ್ಣ 1973ರ ಲೆಕ್ಕ ತೆಗೆಯುತ್ತಿದ್ದ. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾದಾಗಲೂ ಹೀಗೆಯೇ ಒಂದು ಸುಗ್ಗಿ. ಅದರ ಬಲದ ಮೇಲೆ ಐದಡಿಯ ಒಂದು ಇಕೋ ಸಾಲ್ವೆಂಟ್ ಪ್ರಿಂಟರು ಬಂತು. ಅದು ಸಣ್ಣ ಎಮ್ಮೆ, ಮೇವು ಕಡಿಮೆ. ಪ್ರಿಂಟು ತೆಗೆದ ಸ್ಟಿಕ್ಕರಿನ ಮೂಲೆಗುರುತುಗಳನ್ನು ಕಟ್ಟರಿನ ಕಣ್ಣು ತಾನೇ ಹುಡುಕಿ ಅಂಚಿಗೆ ಸರಿಯಾಗಿ ಕತ್ತರಿಸುತ್ತದೆ. 2024ರ ಫೆಬ್ರವರಿಯಲ್ಲಿ ನಾಮಫಲಕದ ನೂರಕ್ಕೆ ಅರವತ್ತು ಭಾಗ ಕನ್ನಡವಿರಬೇಕೆಂಬ ತಿದ್ದುಪಡಿಯನ್ನು ವಿಧಾನಮಂಡಲ ಒಪ್ಪಿದಾಗ ಇಂಗ್ಲಿಷ್ ಬೋರ್ಡಿನ ಕೆಲವು ಅಂಗಡಿಯವರು ಅಳತೆ ಪಟ್ಟಿ ಹಿಡಿದುಕೊಂಡೇ ಬಂದರು. ಅರವತ್ತು ಎಂದರೆ ಅಕ್ಷರದ ಎತ್ತರವೋ, ಬೋರ್ಡಿನ ಜಾಗವೋ ಎಂದು ಅವರಿಗೆ ಸಂಶಯ. ಅಣ್ಣ ಕಣ್ಣಳತೆಯಲ್ಲೇ ತೀರ್ಪು ಕೊಟ್ಟ.

ಅಂಗಡಿಯಿಂದ ಹೋಗುವ ಬೋರ್ಡುಗಳ ಮೂಲೆಯಲ್ಲಿ ಈಗ ಮೊಬ���ಲ್ ನಂಬರು ಇರುತ್ತದೆ, ಸಹಿ ಇರುವುದಿಲ್ಲ. ಹಾಕಿಸೆಂದು ನಾನು ಒಮ್ಮೆ ಚಪಡನ ಕಥೆ ಹೇಳಿ ಒತ್ತಾಯ ಮಾಡಿದ್ದುಂಟು. 'ಚಾಕು ಕತ್ತರಿಸಿದ್ದಕ್ಕ ನಾ ಯಾಕ ಸಹಿ ಹಾಕಲಿ, ತಮ್ಮಾ?' ಎಂದ ಅಣ್ಣ. ಅದೇ ಹೊತ್ತಿಗೆ ಮಗ, 'ಅಕ್ಷರ ನಿಂದ ಅದಾವಲ್ಲಪಾ' ಎಂದ. ಆ ಮಾತು ಅಲ್ಲಿಗೇ ನಿಂತಿದೆ.

ಮೊನ್ನೆ ಹೋದಾಗ ಆ ತಗಡಿನ ಬೋರ್ಡಿನ ಉಳಿದ ಭಾಗವನ್ನೂ ಕೆರೆದು ನೋಡೋಣವೆಂದು ನಾನೇ ಬ್ಲೇಡು ಕೈಗೆತ್ತಿಕೊಂಡೆ. ಉರ್ದು ಅಕ್ಷರ ಪೂರ್ತಿ ಸಿಕ್ಕರೆ ಯಾರಿಂದಲಾದರೂ ಓದಿಸಬಹುದೆಂಬ ಆಸೆ. ಅಣ್ಣ ಬಿಡಲಿಲ್ಲ. ಇನ್ನಷ್ಟು ಕೆರೆದರೆ ಆ ಗೆರೆಯೂ ತಗಡು ಬಿಟ್ಟು ಎದ್ದುಬರುತ್ತದಂತೆ. ಆ ಬಾಗು ಉಸ್ತಾದರದೇ ಇರಬೇಕು ಎಂದು ಅವನಿಗೆ ಗುಮಾನಿ. ಬೋರ್ಡನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟು, ಮೇಲೊಂದು ಹಳೆಯ ಫ್ಲೆಕ್ಸು ಹೊದಿಸಿದ.